ಬ್ಯಾಕಪ್ ಏಜೆಂಟಿಗೆ ಎಷ್ಟು ಬೀಗದ ಕೈ ಕೊಡಬೇಕು?

ವರ್ಚುವಲ್ ಮಷೀನ್ ಒಂದರಲ್ಲಿ ಬ್ಯಾಕಪ್ ಏಜೆಂಟ್ ಹಾಕುವುದು ಹತ್ತು ನಿಮಿಷದ ಕೆಲಸ. ‘ನೆಕ್ಸ್ಟ್’, ‘ನೆಕ್ಸ್ಟ್’ ಎಂದು ಒತ್ತುತ್ತ ಹೋದರೆ ನಡುವೆ ಒಂದೇ ಒಂದು ಪರದೆ ಸ್ವಲ್ಪ ಯೋಚನೆ ಬೇಡುತ್ತದೆ: ಇದು ಯಾವ ಬಳಕೆದಾರನ ಹೆಸರಿನಲ್ಲಿ ಕೆಲಸ ಮಾಡಬೇಕು? ಎಷ್ಟೋ ಕಚೇರಿಗಳಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿಯೇ ಇರುತ್ತದೆ. ವಿಂಡೋಸ್ ಆದರೆ ಡೊಮೇನ್ ಅಡ್ಮಿನ್, ಲಿನಕ್ಸ್ ಆದರೆ ರೂಟ್. ಪಾಸ್‌ವರ್ಡ್ ಎಂದೂ ಬದಲಾಗದಂತೆ ಒಂದು ಟಿಕ್. ಎರರ್ ಬರುವುದಿಲ್ಲ, ಹಸಿರು ಗುರುತು ಬರುತ್ತದೆ, ಟಿಕೆಟ್ ಮುಚ್ಚುತ್ತದೆ. ಆ ಸಂಸ್ಥೆ ಅಂದು ತೆಗೆದುಕೊಂಡ ಅತಿ ದೊಡ್ಡ ಭದ್ರತಾ ನಿರ್ಧಾರ ಅದೇ ಆಗಿರುತ್ತದೆ. ಆದರೆ ಅದನ್ನು ತೆಗೆದುಕೊಂಡವರು ಶುಕ್ರವಾರ ಸಂಜೆ ಮನೆಗೆ ಹೋಗುವ ಅವಸರದಲ್ಲಿದ್ದ ಒಬ್ಬ ಕಿರಿಯ ಎಂಜಿನಿಯರ್.

ಏಜೆಂಟ್ ಎಂದರೆ ಮಷೀನಿನ ಒಳಗೇ ಕೂತು ಕಡತಗಳ, ಡೇಟಾಬೇಸುಗಳ ನಕಲು ತೆಗೆದು ಬೇರೆಡೆ ಕಳಿಸುವ, ಬೇಕಾದಾಗ ಮರಳಿ ತಂದು ಕೂರಿಸುವ ಪುಟ್ಟ ತಂತ್ರಾಂಶ. ಹೊರಗಿನಿಂದಲೇ ಇಡೀ ಮಷೀನಿನ ಸ್ನ್ಯಾಪ್‌ಶಾಟ್ ತೆಗೆಯುವ ‘ಏಜೆಂಟ್ ರಹಿತ’ ದಾರಿಯೂ ಉಂಟು. ಆದರೆ ಒಳಗೆ ಡೇಟಾಬೇಸ್ ಓಡುತ್ತಿದ್ದರೆ, ಅದು ಅರ್ಧ ಬರೆದ ಸ್ಥಿತಿಯಲ್ಲಿ ಸಿಕ್ಕಿಬೀಳದಂತೆ ನೋಡಿಕೊಳ್ಳಲು ಅಲ್ಲೂ ಸಾಮಾನ್ಯವಾಗಿ ಒಳಗೆ ಲಾಗಿನ್ ಆಗಲೇಬೇಕು. ಹೇಗೆ ಸುತ್ತಿ ಬಂದರೂ ಪ್ರಶ್ನೆ ಅದೇ: ಯಾರ ಹೆಸರಿನಲ್ಲಿ, ಎಷ್ಟು ಅಧಿಕಾರದೊಂದಿಗೆ?

ಈ ಪ್ರಶ್ನೆಗೆ ‘ಆದಷ್ಟು ಕಡಿಮೆ’ ಎಂದು ಉತ್ತರ ಕೊಟ್ಟು ಕೈ ತೊಳೆದುಕೊಳ್ಳುವುದು ಸುಲಭ. ಪಾಠ ಹೇಳುವವರೆಲ್ಲ ಹಾಗೇ ಹೇಳುತ್ತಾರೆ. ಬ್ಯಾಕಪ್ಪಿನ ವಿಷಯದಲ್ಲಿ ಅದು ಅರ್ಧ ಸತ್ಯ. ಎಲ್ಲವನ್ನೂ ನಕಲು ಮಾಡಬೇಕಾದವನಿಗೆ ಎಲ್ಲವನ್ನೂ ಓದುವ ಅಧಿಕಾರ ಬೇಕೇ ಬೇಕು, ಯಜಮಾನನೊಬ್ಬನೇ ನೋಡಬಹುದಾದ ಕಡತವನ್ನೂ ಸೇರಿಸಿ. ಆದ್ದರಿಂದ ಅಧಿಕಾರದ ಪ್ರಮಾಣಕ್ಕಿಂತ ಅದನ್ನು ಹೇಗೆ ಹಂಚಲಾಗಿದೆ ಎಂಬುದು ಮುಖ್ಯ. ನಕಲು ತೆಗೆಯುವುದು, ಮರಳಿಸುವುದು, ನಕಲನ್ನು ಅಳಿಸುವುದು: ಈ ಮೂರು ಬೇರೆ ಬೇರೆ ಕೆಲಸಗಳು. ಮೂರನ್ನೂ ಒಂದೇ ಖಾತೆಗೆ ಕೊಡುವುದರಲ್ಲೇ ತಪ್ಪಿರುವುದು.

ಇದು ಹೊಸ ಮಾತೇನಲ್ಲ. ವಿಂಡೋಸ್ ಬಹಳ ಹಿಂದಿನಿಂದಲೂ ಬ್ಯಾಕಪ್ ಮಾಡುವ ಹಕ್ಕನ್ನೂ ರಿಸ್ಟೋರ್ ಮಾಡುವ ಹಕ್ಕನ್ನೂ ಬೇರೆ ಬೇರೆ ಇಟ್ಟಿದೆ. ಲಿನಕ್ಸಿನಲ್ಲಿ ಪೂರ್ಣ ರೂಟ್ ಕೊಡದೆ, ಅನುಮತಿ ಇರಲಿ ಬಿಡಲಿ ಯಾವ ಕಡತವನ್ನಾದರೂ ಓದಬಲ್ಲ ಸಾಮರ್ಥ್ಯವನ್ನಷ್ಟೇ ಒಂದು ತಂತ್ರಾಂಶಕ್ಕೆ ಕೊಡಬಹುದು. ಬರೆಯುವ, ಒಡೆತನ ಬದಲಿಸುವ ಸಾಮರ್ಥ್ಯಗಳು ಬೇರೆಯೇ ಇವೆ. ಅಮೆಜಾನಿನ ಕ್ಲೌಡ್ ಬ್ಯಾಕಪ್ ಸೇವೆಯಲ್ಲೂ ನಕಲಿಗೆ ಒಂದು, ಮರಳಿಕೆಗೆ ಇನ್ನೊಂದು ಅನುಮತಿ ಪಟ್ಟಿ ಇದೆ. ಆದರೆ ಬಳಕೆದಾರನಿಗೆ ಸಲೀಸಾಗಲಿ ಎಂದು ಅಲ್ಲಿ ತಾನಾಗಿ ಸಿಗುವ ಪಾತ್ರಕ್ಕೆ ಎರಡನ್ನೂ ಅಂಟಿಸಿಯೇ ಕೊಡುತ್ತಾರೆ. ವಿಂಡೋಸಿನ ‘ಬ್ಯಾಕಪ್ ಆಪರೇಟರ್ಸ್’ ಗುಂಪಿನ ಕಥೆಯೂ ಅಷ್ಟೇ. ಹೆಸರು ಕೇಳಿದರೆ ಗುಮಾಸ್ತರ ಗುಂಪಿನಂತೆ ಕಾಣುತ್ತದೆ. ಆದರೆ ಡೊಮೇನ್ ಕಂಟ್ರೋಲರಿನ ಮೇಲೆ ಈ ಗುಂಪಿಗೆ ಸೇರಿದವರು ಇಡೀ ಸಂಸ್ಥೆಯ ಪಾಸ್‌ವರ್ಡ್ ಹ್ಯಾಶುಗಳಿರುವ ಕಡತವನ್ನೇ ಎತ್ತಿಕೊಂಡು ಹೋಗಬಲ್ಲರು. ಹೊಸಬರನ್ನು ‘ಸದ್ಯಕ್ಕೆ ಅಲ್ಲಿ ಸೇರಿಸಿಬಿಡಿ’ ಎನ್ನುವವರು ಇದನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇನ್ನೊಂದು ಗೊಂದಲವೂ ಇಲ್ಲಿದೆ. ಏಜೆಂಟನ್ನು ಸ್ಥಾಪಿಸಲು ಬೇಕಾದ ಖಾತೆ ಬೇರೆ, ಅದು ದಿನವೂ ಕೆಲಸ ಮಾಡಲು ಬೇಕಾದ ಖಾತೆ ಬೇರೆ. ಇನ್ನೂರು ಮಷೀನುಗಳಿಗೆ ಒಂದೇ ಜಾಗದಿಂದ ಏಜೆಂಟ್ ತಳ್ಳಬೇಕಾದರೆ ಆ ಗಳಿಗೆಗೆ ದೊಡ್ಡ ಅಧಿಕಾರ ಬೇಕು, ನಿಜ. ಸ್ಥಾಪನೆಯಾದ ಮೇಲೆ ಏಜೆಂಟ್ ಆಯಾ ಮಷೀನಿನ ಸ್ಥಳೀಯ ಸಿಸ್ಟಮ್ ಖಾತೆಯಲ್ಲಿ ನಡೆದರೆ ಸಾಕಾಗುತ್ತದೆ. ಅದಕ್ಕೆ ಆ ಮಷೀನಿನ ಮೇಲೆ ಪೂರ್ಣ ಅಧಿಕಾರ ಇರಬಹುದು, ಪಕ್ಕದ ಮಷೀನಿನ ಮೇಲೆ ಇರುವುದಿಲ್ಲ. ಆದರೂ ತಳ್ಳಲು ಬಳಸಿದ ಆ ದೊಡ್ಡ ಖಾತೆ ಬ್ಯಾಕಪ್ ಸರ್ವರಿನ ಹೊಟ್ಟೆಯಲ್ಲಿ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಒಂದು ದಿನ ಬಾಗಿಲು ಕೂರಿಸಲು ಬಂದ ಬಡಗಿಗೆ ಸೊಸೈಟಿಯ ಅಷ್ಟೂ ಫ್ಲ್ಯಾಟುಗಳ ಕೀಲಿ ಕೊಟ್ಟು ವಾಪಸು ಕೇಳಲು ಮರೆತ ಹಾಗೆ.

ಕಳ್ಳರಿಗೆ ಇದು ಚೆನ್ನಾಗಿ ಗೊತ್ತು. 2023ರ ಮಾರ್ಚ್‌ನಲ್ಲಿ, ಬಹು ಬಳಕೆಯ ಬ್ಯಾಕಪ್ ತಂತ್ರಾಂಶವಾದ ವೀಮ್‌ನಲ್ಲಿ ಒಂದು ದೋಷ ಹೊರಬಿತ್ತು: ಸರ್ವರಿನಲ್ಲಿ ಕೂಡಿಟ್ಟ ಲಾಗಿನ್ ವಿವರಗಳನ್ನು ಹೊರಗಿನವರು ಸೆಳೆದುಕೊಳ್ಳಬಹುದಿತ್ತು. ಕಂಪನಿ ತಿದ್ದುಪಡಿ ಹೊರಡಿಸಿತು. ಹಾಕಿಕೊಳ್ಳದವರ ಮೇಲೆ ರ‍್ಯಾನ್ಸಮ್‌ವೇರ್ ಗುಂಪುಗಳು ಎರಗಿದವು. ತಂತ್ರಾಂಶದಲ್ಲಿ ದೋಷ ಬರುವುದು ಸಹಜ, ಅದಕ್ಕಾಗಿ ಒಂದು ಕಂಪನಿಯನ್ನು ಬೈದು ಫಲವಿಲ್ಲ. ಆದರೆ ಹೊರಬಿದ್ದದ್ದು ಸ್ಥಳೀಯ ಸಣ್ಣ ಖಾತೆಯೋ ಡೊಮೇನ್ ಅಡ್ಮಿನ್ನೋ ಎಂಬುದರ ಹೊಣೆ ಗ್ರಾಹಕನದೇ.

ಅಳಿಸುವ ಅಧಿಕಾರ ತಪ್ಪು ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ 2014ರ ಜೂನ್‌ನಲ್ಲಿ ಮುಚ್ಚಿಹೋದ ಕೋಡ್ ಸ್ಪೇಸಸ್ ಕಂಪನಿ ಸಾಕ್ಷಿ. ಬೇರೆಯವರ ಸೋರ್ಸ್ ಕೋಡ್ ಕಾಪಾಡಿ ಇಡುವುದೇ ಅದರ ವ್ಯಾಪಾರ. ದಾಳಿಕೋರನೊಬ್ಬ ಅದರ ಅಮೆಜಾನ್ ಕ್ಲೌಡ್ ನಿಯಂತ್ರಣ ಫಲಕದೊಳಗೆ ನುಗ್ಗಿ ಹಣ ಕೇಳಿದ. ಕಂಪನಿ ಪಾಸ್‌ವರ್ಡ್ ಬದಲಿಸಲು ಹೊರಟಾಗ ಅವನು ಮೊದಲೇ ಮಾಡಿಟ್ಟುಕೊಂಡಿದ್ದ ಬೇರೆ ಲಾಗಿನ್‌ಗಳಿಂದ ಮಷೀನುಗಳನ್ನೂ ಸ್ನ್ಯಾಪ್‌ಶಾಟುಗಳನ್ನೂ ಬ್ಯಾಕಪ್ಪುಗಳನ್ನೂ ಅಳಿಸತೊಡಗಿದ. ಹನ್ನೆರಡು ಗಂಟೆಯೊಳಗೆ ಬಹುಪಾಲು ಹೋಯಿತು. ಬ್ಯಾಕಪ್ ಇರಲಿಲ್ಲ ಎಂದಲ್ಲ. ಇತ್ತು, ಆದರೆ ಮೂಲವೂ ನಕಲೂ ಒಂದೇ ಕೀಲಿಗೆ ತೆರೆಯುತ್ತಿದ್ದವು.

ಇದಕ್ಕೆ ಎದುರಾದ ಉದಾಹರಣೆ ದೆಹಲಿಯಲ್ಲೇ ಇದೆ. 2022ರ ನವೆಂಬರ್‌ನಲ್ಲಿ ಏಮ್ಸ್ ಆಸ್ಪತ್ರೆಯ ಮೇಲೆ ಸೈಬರ್ ದಾಳಿಯಾಗಿ ಐದು ಸರ್ವರುಗಳ ಸುಮಾರು 1.3 ಟೆರಾಬೈಟ್ ದತ್ತಾಂಶ ಎನ್‌ಕ್ರಿಪ್ಟ್ ಆಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ನೆಟ್‌ವರ್ಕನ್ನು ಸರಿಯಾಗಿ ವಿಭಾಗಿಸದೇ ಇದ್ದದ್ದು ಕಾರಣಗಳಲ್ಲೊಂದು ಎಂದೂ ಹೇಳಿತು. ನೋಂದಣಿ, ಅಪಾಯಿಂಟ್‌ಮೆಂಟ್, ಡಿಸ್ಚಾರ್ಜ್ ಎಲ್ಲ ಕಾಗದದ ಮೇಲೆ ನಡೆದವು. ದೂರದೂರಿನಿಂದ ಬಂದ ರೋಗಿಗಳು ಸಾಲಿನಲ್ಲಿ ನಿಂತರು. ಆದರೂ ಇ-ಹಾಸ್ಪಿಟಲ್ ದತ್ತಾಂಶ ಉಳಿಯಿತು, ಏಕೆಂದರೆ ದಾಳಿ ತಟ್ಟದ ಒಂದು ಬ್ಯಾಕಪ್ ಸರ್ವರ್ ಇತ್ತು. ಅಲ್ಲಿಂದ ಹೊಸ ಸರ್ವರುಗಳಿಗೆ ಎಲ್ಲವನ್ನೂ ಮರಳಿಸಲಾಯಿತು. ಅದಕ್ಕೂ ಎರಡು ವಾರ ಹಿಡಿಯಿತು ಎಂಬುದನ್ನು ಮರೆಯಬಾರದು.

ಹಾಗೆಂದು ಎಲ್ಲ ಬಾಗಿಲಿಗೂ ಬೀಗ ಜಡಿದು ಕೂತರೆ ಕೆಲಸವಾಗದು. ರಾತ್ರಿ ಎರಡು ಗಂಟೆಗೆ ಎದ್ದು ಸರ್ವರ್ ಎತ್ತಿ ನಿಲ್ಲಿಸಬೇಕಾದವರ ತಕರಾರು ನ್ಯಾಯವಾದದ್ದೇ. ಅನುಮತಿ ಕಡಿಮೆಯಾದರೆ ರಿಸ್ಟೋರ್ ಎಷ್ಟೋ ಸಲ ವಿಫಲವಾಗುವುದಿಲ್ಲ, ಸುಳ್ಳು ಹೇಳುತ್ತದೆ. ರೂಟ್ ಅಲ್ಲದ ಖಾತೆಯಿಂದ ಲಿನಕ್ಸ್ ಕಡತಗಳನ್ನು ಮರಳಿಸಿದರೆ ಅಕ್ಷರವೂ ತಪ್ಪದೆ ಎಲ್ಲ ಬಂದಿರುತ್ತದೆ, ಆದರೆ ಅಷ್ಟಕ್ಕೂ ಒಡೆಯ ಮರಳಿಸಿದವನೇ ಆಗಿರುತ್ತಾನೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ ಡೈರೆಕ್ಟರಿಯ ಒಡೆಯ ಬೇರೆಯಾದರೆ, ಅನುಮತಿ ಸಡಿಲವಾಗಿದ್ದರೆ ಏಳುವುದೇ ಇಲ್ಲ. ಎಸ್‌ಎಸ್‌ಎಚ್ ಕೂಡ ಬೇರೆಯವರು ಓದಬಲ್ಲ ಖಾಸಗಿ ಕೀಲಿಯನ್ನು ಮುಟ್ಟುವುದಿಲ್ಲ. ಹೀಗೆ ಒಂದು ಸಲ ಸುಟ್ಟುಕೊಂಡ ತಂಡ ಮುಂದಿನ ಸಲ ಎಲ್ಲದಕ್ಕೂ ರೂಟ್ ಕೊಟ್ಟುಬಿಡುತ್ತದೆ. ಸಡಿಲ ಅನುಮತಿಗಳು ಹುಟ್ಟುವುದು ಸೋಮಾರಿತನದಿಂದಷ್ಟೇ ಅಲ್ಲ, ಇಂಥ ಭಯದಿಂದ ಕೂಡ.

ಭಯಕ್ಕೆ ಮದ್ದು ಮೊದಲೇ ಪರೀಕ್ಷಿಸಿ ನೋಡುವುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ದಣಿದ ಎಂಜಿನಿಯರೊಬ್ಬರು ತಪ್ಪು ಸರ್ವರಿನ ಡೇಟಾಬೇಸ್ ಅಳಿಸಿದಾಗ, ದಿನವೂ ನಡೆಯುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ನಡೆಯುತ್ತಲೇ ಇರಲಿಲ್ಲ ಎಂದು ಗೊತ್ತಾಯಿತು. ಬಳಸಿದ ಉಪಕರಣದ ಆವೃತ್ತಿ ಹಳೆಯದು; ಎಚ್ಚರಿಕೆಯ ಇಮೇಲುಗಳು ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟ್ ಕೈಹಿಡಿಯಿತು. ಇದೆಲ್ಲವನ್ನೂ ಆ ಕಂಪನಿ ಬಚ್ಚಿಡದೆ ಜಗತ್ತಿಗೆ ಹೇಳಿಕೊಂಡಿತು ಎಂಬುದು ಬೇರೆಯೇ ಮೆಚ್ಚುಗೆಯ ವಿಷಯ.

ಇನ್ನು, ಅಷ್ಟಾಗಿ ಚರ್ಚೆಯಾಗದ ಒಂದು ಸಂಗತಿ: ಮರಳಿಸುವ ಅಧಿಕಾರ ಇದ್ದವನಿಗೆ ಓದುವ ಅಧಿಕಾರವೂ ಇದೆ. ಎಚ್‌ಆರ್ ವಿಭಾಗದ ಸರ್ವರಿಗೆ ಎಷ್ಟೇ ಬಿಗಿ ಕಾವಲಿರಲಿ, ಅದರ ನಕಲನ್ನು ಬೇರೊಂದು ಮಷೀನಿಗೆ ಮರಳಿಸಿಕೊಂಡವನು ಎಲ್ಲರ ಸಂಬಳ, ಆಧಾರ್, ವೈದ್ಯಕೀಯ ಬಿಲ್ಲು ಆರಾಮಾಗಿ ನೋಡಬಹುದು. ಮೂಲ ಸರ್ವರಿನ ಲಾಗಿನಲ್ಲಿ ಇದರ ಸುಳಿವೂ ಇರುವುದಿಲ್ಲ. ಬ್ಯಾಕಪ್ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟಿರುವಲ್ಲಿ ಈ ‘ಅವನು’ ಸಂಸ್ಥೆಯ ನೌಕರನೂ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸಮಂಜಸ ರಕ್ಷಣಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ. ದತ್ತಾಂಶ ಮೂಲದಿಂದ ಸೋರಿದರೇನು, ನಕಲಿನಿಂದ ಸೋರಿದರೇನು, ಹೊಣೆ ಅದೇ ಸಂಸ್ಥೆಯದು.

ಹಾಗಾದರೆ ಪುಣೆಯಲ್ಲೋ ಕೊಯಮತ್ತೂರಿನಲ್ಲೋ ಮೂರೇ ಜನರ ಐಟಿ ತಂಡವಿರುವ ಸಣ್ಣ ಕಂಪನಿ ಏನು ಮಾಡಬೇಕು? ದುಬಾರಿ ಸಾಮಗ್ರಿ ಬೇಡ. ದಿನದ ನಕಲು ಆಯಾ ಮಷೀನಿಗಷ್ಟೇ ಸೀಮಿತವಾದ ಖಾತೆಯಿಂದ ನಡೆಯಲಿ. ಮರಳಿಸುವ ಖಾತೆ ಪೂರ್ಣ ಶಕ್ತಿಯದ್ದೇ ಇರಲಿ, ಆದರೆ ಮಾಮೂಲಿ ದಿನಗಳಲ್ಲಿ ಮುಚ್ಚಿರಲಿ. ತೆರೆಯಲು ಇಬ್ಬರ ಒಪ್ಪಿಗೆ ಬೇಕಾಗಲಿ, ತೆರೆದದ್ದು ದಾಖಲಾಗಲಿ. ಅಳಿಸುವ ಅಧಿಕಾರ ಯಾರಿಗೂ ಬೇಡ. ಕ್ಲೌಡ್ ಸಂಗ್ರಹಗಳಲ್ಲಿ ನಿಗದಿತ ಅವಧಿಯವರೆಗೆ ಖಾತೆಯ ಯಜಮಾನನೂ ಅಳಿಸಲಾಗದಂತೆ ಬೀಗ ಹಾಕುವ ವ್ಯವಸ್ಥೆ ಈಗ ಮಾಮೂಲಿ. ಇದಕ್ಕೊಂದು ಬೆಲೆಯೂ ಇದೆ: ಮೂವತ್ತು ದಿನ ಎಂದು ಹಾಕುವಲ್ಲಿ ಮೂರು ವರ್ಷ ಎಂದು ಹಾಕಿದರೆ ಮೂರು ವರ್ಷವೂ ಬಿಲ್ ಕಟ್ಟಬೇಕು. ಆದ್ದರಿಂದ ಆ ಸಂಖ್ಯೆಯನ್ನು ಎಂಜಿನಿಯರೊಬ್ಬನೇ ತುಂಬಬಾರದು, ಹಣಕಾಸು ನೋಡುವವರೂ ಪಕ್ಕದಲ್ಲಿ ಕೂರಬೇಕು.

ಮೂರು ತಿಂಗಳಿಗೊಂದು ಶನಿವಾರ, ಮರಳಿಸುವ ಖಾತೆಯನ್ನಷ್ಟೇ ಬಳಸಿ, ಏಜೆಂಟನ್ನು ಸ್ಥಾಪಿಸಿದ ವ್ಯಕ್ತಿಯನ್ನು ಬಿಟ್ಟು ಬೇರೊಬ್ಬರಿಂದ, ಖಾಲಿ ಮಷೀನಿನ ಮೇಲೆ ಒಂದು ಸರ್ವರನ್ನು ಎಬ್ಬಿಸಿ ನೋಡಬೇಕು. ಅಪ್ಲಿಕೇಶನ್ ಲಾಗಿನ್ ಪುಟ ತೆರೆದು, ಹಿಂದಿನ ದಿನದ ಕೊನೆಯ ಇನ್‌ವಾಯ್ಸ್ ಕಣ್ಣಿಗೆ ಬಿದ್ದರೆ ಮಾತ್ರ ಟಿಕೆಟ್ ಮುಚ್ಚಬಹುದು.