ಪೆಡಲ್ಲನ್ನಲ್ಲ, ಗುಂಡಿ ತಿರುಗಿಸಿದ ಕೈಯನ್ನು ಬೈಯಿರಿ!

"ಹೆವಿ ಮೆಟಲ್‌ಗೆ ಯಾವ ಡಿಸ್ಟಾರ್ಷನ್ ಪೆಡಲ್ ತಗೊಳ್ಳಲಿ?" ಅಂತ ಕೇಳಿ ನೋಡಿ. "ಬಾಸ್ ಕಂಪನಿಯ ಮೆಟಲ್ ಝೋನ್ ಮಾತ್ರ ಬೇಡಪ್ಪಾ, ಜೇನುಹುಳದ ಸದ್ದು!" ಅಂತಾರೆ. 1991ರಲ್ಲಿ ಬಂದ ಪೆಡಲ್ಲು ಪಾಪ, ಇವತ್ತಿಗೂ ಬೈಸಿಕೊಳ್ತಿದೆ.

ಅಲ್ಲಾ ಸ್ವಾಮಿ, ಗೇನ್ ಪೂರ್ತಿ ಏರಿಸಿ, ಮಿಡ್ ಸೊನ್ನೆಗಿಳಿಸಿದ್ದು ಯಾರು? ಕೋಣೆಯಲ್ಲಿ ಒಬ್ಬರೇ ನುಡಿಸುವಾಗ ಅದು ಭರ್ಜರಿಯಾಗೇ ಕೇಳುತ್ತೆ. ಬ್ಯಾಂಡ್ ಜೊತೆ ನಿಂತರೆ ಗಿಟಾರ್ ಮಾಯ! ಕೆಳಗಿನ ಸದ್ದನ್ನು ಬೇಸ್ ಗಿಟಾರ್, ಕಿಕ್ ಡ್ರಮ್ ನುಂಗುತ್ತವೆ, ಮೇಲಿನದನ್ನು ಸಿಂಬಲ್. ನಮಗೆ ಉಳಿಯೋದೇ ನಡುವಿನ ಜಾಗ. ಅದನ್ನೇ ಕತ್ತರಿಸಿದರೆ? ಮೆಟಲ್ ಝೋನ್‌ನಲ್ಲಿ ಮಿಡ್ ಎಲ್ಲಿ ಬೇಕೋ ಅಲ್ಲಿ, 200 ಹರ್ಟ್ಸ್‌ನಿಂದ 5 ಕಿಲೋಹರ್ಟ್ಸ್‌ವರೆಗೆ, ಆರಿಸಿಕೊಳ್ಳೋ ಗುಂಡಿಯೇ ಇದೆ.

"ಸ್ವೀಡನ್ನಿನ ಎಂಟೂಮ್ಡ್ 1990ರಲ್ಲಿ ಬಾಸ್ ಎಚ್‌ಎಂ-2ರ ಎಲ್ಲ ಗುಂಡಿ ಪೂರ್ತಿ ತಿರುಗಿಸಿ ಗೆಲ್ಲಲಿಲ್ವಾ?" ಅಂತೀರಾ? ಗೆದ್ದರು. ಆದರೆ ಆ ಪೆಡಲ್ಲಿನ 'ಹೈ' ಗುಂಡಿ ಎತ್ತೋದು 1 ಕಿಲೋಹರ್ಟ್ಸ್ ಆಸುಪಾಸನ್ನು. ಅಂದ್ರೆ ಮಿಡ್ಡನ್ನೇ!

ಹೊಸ ಪೆಡಲ್ಲಿಗೆ ದುಡ್ಡು ಸುರಿಯೋ ಮುಂಚೆ ಇರೋದರಲ್ಲೇ ಗೇನ್ ಅರ್ಧಕ್ಕಿಳಿಸಿ, ಮಿಡ್ ಏರಿಸಿ, ಬ್ಯಾಂಡ್ ಜೊತೆ ನುಡಿಸಿ ನೋಡಿ. ಆಮೇಲೆ ಬೈಯೋಣ, ಏನಂತೀರಿ?