ಗೌಪ್ಯತೆ ರಾಜಿಗೆ ರಕ್ಷೆ, ವಂಚನೆಗಲ್ಲ

ವ್ಯಾಪಾರದ ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರುವ ಮೊದಲೇ ಮಾತುಕತೆಯಿಂದ ಬಗೆಹರಿಯಬೇಕೆಂಬುದು ಇಂದಿನ ಕಾನೂನಿನ ಒಲವು. ತುರ್ತು ಮಧ್ಯಂತರ ಪರಿಹಾರ ಕೋರದ ವಾಣಿಜ್ಯ ದಾವೆಗಳಲ್ಲಿ, 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮಿನಂತೆ, ದಾವೆಗೆ ಮುನ್ನ ಮಧ್ಯಸ್ಥಿಕೆ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಪಾಟೀಲ್ ಆಟೋಮೇಷನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ, ಮಧ್ಯಸ್ಥರ ಮುಂದೆ ಆಡಿದ ಮಾತು ಎಷ್ಟರಮಟ್ಟಿಗೆ ಗುಟ್ಟಾಗಿ ಉಳಿಯುತ್ತದೆ ಎಂಬುದನ್ನು ಪ್ರತಿಯೊಬ್ಬ ವರ್ತಕನೂ ಅರಿತಿರಬೇಕು.

ಗೌಪ್ಯತೆಯ ಭರವಸೆ ಇಲ್ಲದೆ ರಾಜಿ ಸಾಧ್ಯವಿಲ್ಲ. ಸರಕಿನಲ್ಲಿ ದೋಷವಿದ್ದುದನ್ನು ಒಪ್ಪಿ, ಒಂದಿಷ್ಟು ಮೊತ್ತ ಬಿಟ್ಟುಕೊಡಲು ಸಿದ್ಧನಾದವನಿಗೆ, ಅದೇ ಮಾತು ನಾಳೆ ತನ್ನ ವಿರುದ್ಧ ಸಾಕ್ಷ್ಯವಾದೀತೆಂಬ ಭಯವಿದ್ದರೆ ಆತ ಬಾಯಿ ಬಿಡಲಾರ. ಮಧ್ಯಸ್ಥಿಕೆ ವಿಫಲವಾದರೆ ಮಧ್ಯಸ್ಥರು ಅಷ್ಟನ್ನು ಮಾತ್ರ ತಿಳಿಸಬೇಕು, ನಡೆದ ಚರ್ಚೆಯನ್ನಲ್ಲ ಎಂದು ಮೋತಿರಾಮ್ ಪ್ರಕರಣದ 2010ರ ತೀರ್ಪು ಹೇಳಿರುವುದು ಇದೇ ಕಾರಣಕ್ಕಾಗಿ. 2023ರ ಮಧ್ಯಸ್ಥಿಕೆ ಕಾಯ್ದೆಯ 22ನೇ ಕಲಂ ತಪ್ಪೊಪ್ಪಿಗೆ, ಕ್ಷಮೆಯಾಚನೆ, ಸಲಹೆ, ಪ್ರಸ್ತಾವಗಳಿಗೆಲ್ಲ ರಕ್ಷಣೆ ನೀಡಿ, ಧ್ವನಿಮುದ್ರಣವನ್ನೂ ನಿಷೇಧಿಸುತ್ತದೆ.

ಆದರೆ ಈ ರಕ್ಷಣೆ ಅಪರಿಮಿತವಲ್ಲ. ಅಪರಾಧ ಎಸಗುವ ಬೆದರಿಕೆ, ಕೌಟುಂಬಿಕ ಹಿಂಸೆ, ಸಾರ್ವಜನಿಕ ಸುರಕ್ಷತೆಗೆ ಒದಗುವ ಗಂಡಾಂತರ ಇವುಗಳಿಗೆ ಗೌಪ್ಯತೆ ಅನ್ವಯಿಸದು. ದಾಖಲೆಗಳ ಪೈಕಿ ಮಧ್ಯಸ್ಥಿಕೆಗಾಗಿಯೇ ಸಿದ್ಧಪಡಿಸಿದವುಗಳಿಗೆ ಮಾತ್ರ ರಕ್ಷಣೆ. ಮೊದಲೇ ಇದ್ದ ಲೆಕ್ಕಪುಸ್ತಕ, ಬಿಲ್ಲು, ಪತ್ರವ್ಯವಹಾರಗಳು ಮಧ್ಯಸ್ಥರ ಮೇಜಿಗೆ ಬಂದ ಮಾತ್ರಕ್ಕೆ ಗುಪ್ತವಾಗುವುದಿಲ್ಲ.

ತೊಡಕಿರುವುದು ವಂಚನೆಯ ವಿಷಯದಲ್ಲಿ. ವಂಚನೆಯಿಂದ ಪಡೆದ ರಾಜಿ ಒಪ್ಪಂದವನ್ನು ಪ್ರಶ್ನಿಸಲು 28ನೇ ಕಲಂ ಅವಕಾಶ ನೀಡುತ್ತದೆ. ಅದಕ್ಕಾಗಿ ಒಪ್ಪಂದವನ್ನು ನ್ಯಾಯಾಲಯದ ಮುಂದಿಡಬಹುದು. ಆದರೆ ಒಪ್ಪಂದಕ್ಕೆ ಪ್ರೇರಣೆಯಾದ ಸುಳ್ಳು ಮಾತನ್ನು ಮುಂದಿಡಲು ಸ್ಪಷ್ಟ ವಿನಾಯಿತಿಯಿಲ್ಲ. ತನ್ನ ಆಸ್ತಿಯೆಲ್ಲ ಕರಗಿತೆಂದು ಸುಳ್ಳು ಹೇಳಿ ಬಾಕಿಯ ಅರ್ಧವನ್ನು ಮನ್ನಾ ಮಾಡಿಸಿಕೊಂಡವನ ಮೋಸವನ್ನು, ಆ ಮಾತನ್ನೇ ಉಲ್ಲೇಖಿಸದೆ ರುಜುವಾತುಪಡಿಸುವುದು ಹೇಗೆ? ಹಕ್ಕನ್ನು ಕೊಟ್ಟು ಸಾಕ್ಷ್ಯವನ್ನು ಕಸಿದುಕೊಂಡಂತಾಗುತ್ತದೆ.

ಅಮೆರಿಕದ ಕೊಲಾಬರೇಟಿವ್ ಲಾ ಪದ್ಧತಿಯಲ್ಲಿ ಇದಕ್ಕೊಂದು ದಾರಿಯಿದೆ. ಮಾತುಕತೆ ಮುರಿದುಬಿದ್ದರೆ ಇಬ್ಬರ ವಕೀಲರೂ ಹಿಂದೆ ಸರಿಯಬೇಕೆಂಬ ಕರಾರು ಆ ಪದ್ಧತಿಯ ಜೀವಾಳ. ಅಲ್ಲಿನ 2009ರ ಮಾದರಿ ಕಾಯ್ದೆಯಂತೆ, ಒಪ್ಪಂದದ ರದ್ದತಿ ಕೋರಿದಾಗ ನ್ಯಾಯಾಧೀಶರು ಗೋಪ್ಯ ವಿಚಾರಣೆ ನಡೆಸುತ್ತಾರೆ. ಸಾಕ್ಷ್ಯವು ಬೇರೆಡೆ ದೊರಕದು, ಅದರ ಅಗತ್ಯವು ಗೌಪ್ಯತೆಯ ಹಿತಕ್ಕಿಂತ ಬಹುಪಾಲು ಮಿಗಿಲಾದುದು ಎಂದು ಮನಗಂಡರೆ ಮಾತ್ರ, ಬೇಕಾದಷ್ಟು ಭಾಗವನ್ನು ಬಹಿರಂಗಪಡಿಸಲು ಅನುಮತಿಸುತ್ತಾರೆ. ಗುಟ್ಟೂ ಉಳಿಯುತ್ತದೆ, ಮೋಸವೂ ಬಯಲಾಗುತ್ತದೆ.

2023ರ ಕಾಯ್ದೆಯನ್ನು ಹಂತಹಂತವಾಗಿ ಜಾರಿಗೆ ತರುವ ಕ್ರಮ ಅನುಸರಿಸಲಾಗಿದ್ದು, ಆ ವರ್ಷದ ಅಕ್ಟೋಬರ್‌ನಲ್ಲಿ ಜಾರಿಯಾದ ಮೊದಲ ಕಂತಿನಲ್ಲಿ ಗೌಪ್ಯತೆಯ ಕಲಂ ಸೇರಿರಲಿಲ್ಲ. ಅಮೆರಿಕದ ಮಾದರಿಯ ಸೀಮಿತ ವಿನಾಯಿತಿಯನ್ನು ತಿದ್ದುಪಡಿಯ ಮೂಲಕ ಸೇರಿಸುವಂತೆ ವಾಣಿಜ್ಯ ಸಂಸ್ಥೆಗಳು ಕೇಂದ್ರ ಸರ್ಕಾರವನ್ನು ಒತ್ತಾಯಿಸುವುದು ಉಚಿತ.

ಅಲ್ಲಿಯವರೆಗೆ ವರ್ತಕರ ಕೈಯಲ್ಲೇ ಒಂದು ಉಪಾಯವಿದೆ. ಎದುರು ಪಕ್ಷದ ಯಾವ ಹೇಳಿಕೆಯನ್ನು ನಂಬಿ ರಿಯಾಯಿತಿ ನೀಡಲಾಯಿತೋ ಅದನ್ನು ರಾಜಿ ಒಪ್ಪಂದದಲ್ಲಿಯೇ ಬರೆಯಿಸಿ ಸಹಿ ಪಡೆಯಬೇಕು. ಆಡಿದ ಮಾತಿಗೆ ಗೌಪ್ಯತೆಯ ಮುಸುಕಿದ್ದರೂ ಬರೆದ ಮಾತು ನ್ಯಾಯಾಲಯದಲ್ಲಿ ನಿಲ್ಲುತ್ತದೆ.