ಲೆಡ್ಜರ್‌ಗೆ ಬಣ್ಣ ಇತ್ತು



ಮೊನ್ನೆ ಗೆಳೆಯರೊಬ್ಬರು ಹಳೆಯ ಅಮೆರಿಕನ್ ಹಾಡೊಂದನ್ನು ಹಂಚಿಕೊಂಡು "ಸಂಗೀತಕ್ಕೆ ಜಾತಿಯಿಲ್ಲ, ಬಣ್ಣವಿಲ್ಲ" ಅಂತ ಬರೆದಿದ್ದರು. ಹಾಡು ರೂತ್ ಬ್ರೌನ್ ಅವರದು. ಸಂಗೀತಕ್ಕೆ ಬಣ್ಣ ಇಲ್ಲದಿರಬಹುದು ಸಾರ್, ಲೆಡ್ಜರ್‌ಗೆ ಇತ್ತು. ನಾನು ಗುಮಾಸ್ತ, ನನ್ನ ಕಣ್ಣು ಮೊದಲು ಹೋಗೋದೇ ಅಲ್ಲಿಗೆ.

ಕಪ್ಪು ಜನರ ರೆಕಾರ್ಡುಗಳ ಪಟ್ಟಿಯನ್ನು ಬಿಲ್‌ಬೋರ್ಡ್ ಪತ್ರಿಕೆ 'ರೇಸ್ ರೆಕಾರ್ಡ್ಸ್' ಅಂತ ಕರೀತಿತ್ತು. 1949ರಲ್ಲಿ ಅದನ್ನೇ 'ರಿದಮ್ ಆ್ಯಂಡ್ ಬ್ಲೂಸ್' ಅಂತ ಮಾಡಿದರು. ಕೇರಿಗೆ ಕಾಲೋನಿ ಅಂತ ಬೋರ್ಡ್ ಹಾಕಿದ ಹಾಗೆ. ಪಟ್ಟಿ ಬೇರೆಯಾಗೇ ಉಳೀತು.

ರೂತ್ ಬ್ರೌನ್ ವರ್ಜೀನಿಯಾದ ಪೋರ್ಟ್ಸ್‌ಮತ್‌ನವರು. ಕಾರು ಅಪಘಾತದಲ್ಲಿ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅಟ್ಲಾಂಟಿಕ್ ಎಂಬ ಹೊಸ ಕಂಪನಿಗೆ ಸಹಿ ಹಾಕಿಕೊಟ್ಟರು. 1950ರಲ್ಲಿ ಅವರ 'ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್' 11 ವಾರ ಆ ಪಟ್ಟಿಯ ತುದಿಯಲ್ಲಿತ್ತು. ಹಿಟ್ ಮೇಲೆ ಹಿಟ್. ಅಟ್ಲಾಂಟಿಕ್‌ಗೆ 'ರೂತ್ ಕಟ್ಟಿದ ಮನೆ' ಅಂತಲೇ ಹೆಸರು ಬಂತು. ದಕ್ಷಿಣದ ಊರುಗಳಲ್ಲಿ ಅವರು ಹಾಡುವಾಗ ಕಪ್ಪು ಜನ ಒಂದು ಕಡೆ, ಬಿಳಿಯರು ಒಂದು ಕಡೆ, ನಡುವೆ ಹಗ್ಗ.

ಮನೆ ಕಟ್ಟಿದವರಿಗೆ ಬಾಡಿಗೆ ಬಂತಾ? ಲೆಕ್ಕ ಕೇಳಿ. ಸ್ಟುಡಿಯೋ ಖರ್ಚು, ವಾದ್ಯದವರ ಕೂಲಿ ಎಲ್ಲಾ ಗಾಯಕಿಯ ಹೆಸರಲ್ಲಿ ಖರ್ಚು ಬೀಳುತ್ತೆ. ಅದು ತೀರೋ ತನಕ ರಾಯಲ್ಟಿ ಇಲ್ಲ. ಬರೆಯೋದು ಕಂಪನಿ, ಕೂಡೋದು ಕಂಪನಿ, ಕಡೆಗೆ "ನೀವೇ ನಮಗೆ ಬಾಕಿ" ಅನ್ನೋದೂ ಕಂಪನಿ. ನಮ್ಮಜ್ಜ ಜೀತಕ್ಕಿದ್ದ ಮನೇಲೂ ಇದೇ ಪುಸ್ತಕ. ಜ್ವರದ ಗುಳಿಗೆ, ಹೊದ್ದ ಕಂಬಳಿ, ಎಲ್ಲಾ ಸಾಲಕ್ಕೆ. ದುಡಿದಷ್ಟೂ ಬೆಳೆಯೋ ಸಾಲ.

ಅರವತ್ತರ ದಶಕದಲ್ಲಿ ಮಕ್ಕಳನ್ನು ಸಾಕೋಕೆ ರೂತ್ ಬ್ರೌನ್ ಮನೆಗೆಲಸ ಮಾಡಿದರು, ಶಾಲೆ ಬಸ್ ಓಡಿಸಿದರು.

ಬಿಳಿ ಗಾಯಕರಿಗೂ ಕಂಪನಿಗಳು ಮೋಸ ಮಾಡಿವೆ ಅಂತೀರಾ? ಮಾಡಿವೆ. ಆದರೆ ರೂತ್ ಹಾಡಿದ 'ಓ ವಾಟ್ ಎ ಡ್ರೀಮ್' ಅನ್ನು ಬಿಳಿ ಗಾಯಕಿ ಪ್ಯಾಟಿ ಪೇಜ್ ಮತ್ತೆ ಹಾಡಿದಾಗ ಆಕೆಗೆ ದೊಡ್ಡ ಮಾರುಕಟ್ಟೆಯ ಬಾಗಿಲು ತೆರೆದೇ ಇತ್ತು. ಇನ್ನೊಂದು ಮಾತು. ಅಟ್ಲಾಂಟಿಕ್ ಕಟ್ಟಿದ ಅಹ್ಮೆತ್ ಎರ್ತೆಗುನ್ ಕಪ್ಪು ಸಂಗೀತವನ್ನು ನಿಜವಾಗಿ ಪ್ರೀತಿಸಿದ ಮನುಷ್ಯ. ನನ್ನನ್ನು ಕಾಡೋದು ಅದೇ. ಪ್ರೀತಿ ಇತ್ತು, ಲೆಕ್ಕ ಮಾತ್ರ ಸರಿ ಇರಲಿಲ್ಲ.

ಆಯಮ್ಮ ಸುಮ್ಮನೆ ಕೂರಲಿಲ್ಲ. ಹಾವೆಲ್ ಬೆಗಲ್ ಎಂಬ ವಕೀಲರು, ಅವರ ಅಭಿಮಾನಿ, ಜೊತೆಗೆ ನಿಂತರು. ವರ್ಷಗಟ್ಟಲೆ ಬಡಿದಾಡಿ 1988ರಲ್ಲಿ ಕಂಪನಿಯನ್ನು ಬಗ್ಗಿಸಿದರು. ತನಗೊಬ್ಬಳಿಗೇ ಅಲ್ಲ, ಇತರ ಹಳೆಯ ಗಾಯಕರಿಗೂ ಸಾಲ ಮನ್ನಾ, ಹಿಂದಿನ ರಾಯಲ್ಟಿ. ಕಷ್ಟದಲ್ಲಿದ್ದ ಕಲಾವಿದರಿಗಾಗಿ ರಿದಮ್ ಆ್ಯಂಡ್ ಬ್ಲೂಸ್ ಫೌಂಡೇಶನ್ ಹುಟ್ಟಿದ್ದೂ ಇದರಿಂದಲೇ.

ಈಗ ನಮ್ಮ ಕಡೆ ತಿರುಗೋಣ, ಬೇಜಾರಾದರೂ ಸರಿ. ಹೋರಾಟದ ಹಾಡು ಹಾಡೋ ನಮ್ಮ ಹುಡುಗ ಹುಡುಗೀರಿಗೆ, ತಮಟೆಯವರಿಗೆ ನಾವು ಕೊಡೋದೇನು? ಬಸ್ ಚಾರ್ಜು, ಒಂದು ಶಾಲು, "ಚಳವಳಿಗೆ ನಿಮ್ಮ ಕೊಡುಗೆ ಅಪಾರ" ಅಂತ ಮೈಕಲ್ಲಿ ಎರಡು ಮಾತು. ಶಾಮಿಯಾನದವನಿಗೆ, ಮೈಕ್ ಸೆಟ್‌ನವನಿಗೆ ಮಾತ್ರ ಅಡ್ವಾನ್ಸ್. ನಾನೂ ಖಜಾಂಚಿಯಾಗಿ ಎಷ್ಟೋ ಸಲ ಹೀಗೇ ಮಾಡಿದ್ದೀನಿ.

ಈ ಏಪ್ರಿಲ್ 14ರ ಬಜೆಟ್‌ನಲ್ಲಿ ಮೊದಲನೇ ಸಾಲಿಗೆ ಹಾಡುಗಾರರ ಸಂಭಾವನೆ ಬರೀತೀನಿ. ತಕರಾರಿದ್ದವರು ಕಮಿಟಿ ಮೀಟಿಂಗ್‌ಗೆ ಬನ್ನಿ, ಪುಸ್ತಕ ತೆಗೆದಿಟ್ಟಿರ್ತೀನಿ.